ವೃದ್ಧಿ, ಬಡ್ಡಿ, ವಾಢ

ಪದಗಳ ಬೆನ್ನುಹತ್ತಿ ಹೋಗುವ ನಮಗೆ ದಹಿಸರ್ ಒಳ್ಳೆಯ ಠಾವು. ಮುಂಬೈ ಮಹಾನಗರ ಉತ್ತರಕ್ಕೆ ಮುಗಿಯುವ ಈ ಉಪನಗರದಲ್ಲಿ, ಚೆಕ್‌ನಾಕಾದ ಈಚೆಗೆ, ಮರಾಠಿ, ಗುಜರಾತಿ, ಕೊಂಕಣಿ, ತುಳು, ಕನ್ನಡಗಳು ಒಂದೇ ಬೀದಿಯಲ್ಲಿ ಕಿವಿಗೆ ಬೀಳುತ್ತವೆ. ಸಾಲದ ಮಾತು ಬಂದಾಗ ನಾವು 'ಬಡ್ಡಿ' ಎನ್ನುವುದನ್ನು ಮರಾಠಿಗರು 'ವ್ಯಾಜ' ಎನ್ನುತ್ತಾರೆ, ನಾವು 'ಬೆಳವಣಿಗೆ' ಎನ್ನುವುದನ್ನು ಅವರು 'ವಾಢ' ಎನ್ನುತ್ತಾರೆ, ದೇಶದೇಶಗಳ ಬ್ರಾಡ್‌ಬ್ಯಾಂಡ್ ಲೆಕ್ಕವನ್ನು ಹೋಲಿಸುವ ಬರಹಗಳು ಎರಡೂ ಭಾಷೆಗಳಲ್ಲಿ 'ವೃದ್ಧಿದರ' ಎನ್ನುತ್ತವೆ. ವೃದ್ಧಿ, ಬಡ್ಡಿ, ವಾಢ ಈ ಮೂರೂ ಒಂದೇ ಬಳ್ಳಿಯ ಕಾಯಿಗಳು. ಬಳ್ಳಿಯ ಬುಡವನ್ನು ಹುಡುಕಿದರೆ ವೃದ್ಧಿದರವೆಂಬ ಅಂಕಿ ಏನನ್ನು ಹೇಳುತ್ತದೆ, ಏನನ್ನು ಹೇಳದೆ ಬಿಡುತ್ತದೆ ಎಂಬುದೂ ತಿಳಿಯಾಗುತ್ತದೆ.

ಬುಡದಲ್ಲಿರುವುದು ಹೆಚ್ಚು, ಬೆಳೆ ಎಂಬರ್ಥದ 'ವೃಧ್' ಧಾತು. ಅದರಿಂದ ಹುಟ್ಟಿದ ವೃದ್ಧಿ ಶಬ್ದದ ಮರ್ಯಾದೆ ಎಷ್ಟೆಂದರೆ ಪಾಣಿನಿಯ ಅಷ್ಟಾಧ್ಯಾಯಿ ಆರಂಭವಾಗುವುದೇ ಅದರಿಂದ. ಅಲ್ಲಿ ಅದು ಸ್ವರದ ಬೆಳೆತ, ನಾವು ಶಾಲೆಯಲ್ಲಿ ಕಲಿತ ವೃದ್ಧಿಸಂಧಿಯ 'ಏಕೈಕ'ದಲ್ಲಿ ಕಾಣುವಂಥದು. ಕರಾವಳಿಯ ಕೆಲವು ಮನೆಗಳಲ್ಲಿ ಮಗು ಹುಟ್ಟಿದಾಗಿನ ಸೂತಕಕ್ಕೂ ವೃದ್ಧಿಯೆಂದೇ ಹೆಸರು, ಏಕೆಂದರೆ ವಂಶ ಬೆಳೆದಿದೆ. ಧರ್ಮಶಾಸ್ತ್ರಗಳಲ್ಲಿಯೋ ಅದೇ ಪದ ಸಾಲದ ಮೇಲಿನ ಹೆಚ್ಚಳ: ಮನುಸ್ಮೃತಿ ಚಕ್ರವೃದ್ಧಿ, ಕಾಲವೃದ್ಧಿಗಳನ್ನು ಹೆಸರಿಸುತ್ತದೆ, ಕೌಟಿಲ್ಯನ ಅರ್ಥಶಾಸ್ತ್ರ ನೂರು ಪಣಕ್ಕೆ ತಿಂಗಳಿಗೆ ಒಂದೂಕಾಲು ಪಣವನ್ನು ನ್ಯಾಯವಾದ ದರವೆಂದು ಒಪ್ಪುತ್ತದೆ. ಇಂದಿನ ಅರ್ಥಶಾಸ್ತ್ರಜ್ಞರು ವರ್ಷವರ್ಷದ ಏರಿಕೆಯನ್ನು ಏರಿಕೆಯ ಮೇಲೇ ಕಟ್ಟುತ್ತ ಹೋಗಿ ತೆಗೆಯುವ ವಾರ್ಷಿಕ ಸರಾಸರಿ ಆ ಹಳೆಯ ಚಕ್ರವೃದ್ಧಿಯೇ.

ಈ ವೃದ್ಧಿ ಪ್ರಾಕೃತದ ಬಾಯಿಗೆ ಬಿದ್ದು, ಋಕಾರ ಅಕಾರವಾಗಿ, ದಂತ್ಯ 'ದ್ಧ' ಮೂರ್ಧನ್ಯ 'ಡ್ಢ'ವಾಗಿ, 'ವಡ್ಢಿ'ಯಾಯಿತು. ತೆಲುಗು 'ವಡ್ಡಿ' ಎಂದೂ ತಮಿಳು 'ವಟ್ಟಿ' ಎಂದೂ ಆದಿಯ ವಕಾರವನ್ನು ಉಳಿಸಿಕೊಂಡರೆ, ವಸತಿಯನ್ನು ಬಸದಿ ಮಾಡಿಕೊಂಡ, ವರ್ಣವನ್ನು ಬಣ್ಣ ಮಾಡಿಕೊಂಡ ಕನ್ನಡ ಅದನ್ನು 'ಬಡ್ಡಿ' ಮಾಡಿಕೊಂಡಿತು. ದೇಗುಲಕ್ಕೆ ಗದ್ಯಾಣಗಳನ್ನು ಬಿಟ್ಟು, ಅದರ ಬಡ್ಡಿಯಿಂದ ನಂದಾದೀವಿಗೆ ಉರಿಯುತ್ತಿರಲಿ ಎಂದು ವಿಧಿಸುವ ದತ್ತಿಗಳು ನಮ್ಮ ಶಾಸನಗಳಲ್ಲಿ ಉಂಟು. ಮರಾಠಿ, ಗುಜರಾತಿಗಳು ಇದೇ ಅರ್ಥಕ್ಕೆ ಆರಿಸಿಕೊಂಡ 'ವ್ಯಾಜ' ಸಂಸ್ಕೃತದಲ್ಲಿ ನೆವ, ಸೋಗು. ಕನ್ನಡದಲ್ಲಿ ಅದು ವ್ಯಾಜಸ್ತುತಿಯಲ್ಲಿ, ನಿರ್ವ್ಯಾಜ ಪ್ರೇಮದಲ್ಲಿ ಹಳೆಯ ಅರ್ಥದಲ್ಲೇ ಉಳಿದಿದೆ.

ಬಡ್ಡಿ ಒಂಟಿಯಾಗಿ ನಿಲ್ಲುವ ಪದವಲ್ಲ, ಅದಕ್ಕೊಂದು ಜೋಡಿ ಬೇಕು. ಅರಬ್ಬಿಯಿಂದ ಬಂದ 'ಅಸಲು' ಆ ಜೋಡಿ, ಮೂಲದಲ್ಲಿ ಬೇರು ಎಂಬರ್ಥದ್ದು. ಅದಕ್ಕೂ ಹಿಂದಿನದು ನಮ್ಮದೇ 'ಮೊದಲ್', ಬುಡ, ಆದಿ, ಬಂಡವಾಳ ಮೂರನ್ನೂ ಒಳಗೊಂಡದ್ದು. ಈ ಮೊದಲೇ ಘಟ್ಟ ದಾಟಿ ಮರಾಠಿಯಲ್ಲಿ 'ಮುದ್ದಲ್' ಆಗಿ ನೆಲೆನಿಂತಿದೆ: ಬಡ್ಡಿ ಬಡಗಣಿಂದ ತೆಂಕಣಕ್ಕೆ ಬಂದರೆ ಮೊದಲು ತೆಂಕಣಿಂದ ಬಡಗಣಕ್ಕೆ ಹೋಯಿತು. ಯಾರಾದರೂ ಬಡ್ಡಿಯನ್ನು ಹೇಳಿದರೆ 'ಮೊದಲೆಷ್ಟು' ಎಂದು ಕೇಳುವುದು ನಮ್ಮ ವ್ಯವಹಾರದ ರೂಢಿ. ವೃದ್ಧಿದರ ಓದುವಾಗ ಈ ಪ್ರಶ್ನೆಯನ್ನು ಮರೆಯುತ್ತೇವೆ, ಪದದ ಸಂಸ್ಕೃತ ಉಡುಗೆ ಅದರ ಬಡ್ಡಿತನವನ್ನು ಮುಚ್ಚಿಬಿಟ್ಟಿದೆ.

ಭಾರತದ ಬ್ರಾಡ್‌ಬ್ಯಾಂಡಿನ ಎಳೆಯ ದಿನಗಳನ್ನೇ ನೋಡೋಣ. 2004ರ ಅಕ್ಟೋಬರಿನಲ್ಲಿ ಬ್ರಾಡ್‌ಬ್ಯಾಂಡ್ ನೀತಿ ಬಂತು. 2005ರಲ್ಲಿ ಮುಂಬೈ, ದೆಹಲಿಗಳಲ್ಲಿ ಸರಕಾರಿ ದೂರವಾಣಿ ಸಂಸ್ಥೆ ಎಂಟಿಎನ್ಎಲ್ ಫೋನಿನ ತಾಮ್ರದ ತಂತಿಯಲ್ಲೇ 'ಟ್ರೈಬ್ಯಾಂಡ್' ಕೊಡತೊಡಗಿತು. 2005ರ ಮಾರ್ಚ್ ಕೊನೆಗೆ ದೇಶದಲ್ಲಿ ಸುಮಾರು 1.8 ಲಕ್ಷ ಸಂಪರ್ಕಗಳು, ಮರುವರ್ಷ ಸುಮಾರು 13.5 ಲಕ್ಷ: ವೃದ್ಧಿದರ ಶೇಕಡಾ 650. ದಕ್ಷಿಣ ಕೊರಿಯಾದಂಥ ದೇಶಕ್ಕೆ ಆ ವರ್ಷ ಇದರ ಹತ್ತಿರವೂ ಸುಳಿಯಲಾಗುತ್ತಿರಲಿಲ್ಲ. ಆದರೆ ಅಲ್ಲಿ 2005ರ ಕೊನೆಗೆ ನೂರು ಜನಕ್ಕೆ ಇಪ್ಪತ್ತೈದರಷ್ಟು ಸಂಪರ್ಕಗಳಿದ್ದವು, ನಮ್ಮಲ್ಲಿ 13.5 ಲಕ್ಷ ಆದ ಮೇಲೂ ಸಾವಿರ ಜನಕ್ಕೆ ಒಂದಕ್ಕಿಂತ ತುಸು ಹೆಚ್ಚು. ನೂರು ಜನಕ್ಕೆ ಒಂದರಂತೆ ಹೊಸ ಸಂಪರ್ಕ ಎರಡೂ ದೇಶಗಳಲ್ಲಿ ಸೇರಿತೆನ್ನಿ: ಕೊರಿಯಾದ ವೃದ್ಧಿದರ ಶೇಕಡಾ 4, ಭಾರತದ್ದು 800ಕ್ಕೂ ಮೇಲೆ. ತಲಾ ಬೆಳೆದದ್ದು ಒಂದೇ ಅಳತೆ, ದರಗಳು ಅಜಗಜಾಂತರ. ವೃಧ್ ಧಾತುವೇ ಇದಕ್ಕೆ ಪದ ಒದಗಿಸಿದೆ: ಆಗಲೇ ಬೆಳೆದು ನಿಂತವನು 'ವೃದ್ಧ', ಅವನಲ್ಲಿ ವೃದ್ಧಿಯನ್ನು ಹುಡುಕುವವರಿಲ್ಲ.

ಇನ್ನು 'ನೂರಕ್ಕೆ ಇಷ್ಟು' ಎಂಬಲ್ಲಿ ಯಾವುದರ ನೂರು? ಬೆಳ್ವೊಲ ಮುನ್ನೂಱು, ಬನವಾಸಿ ಪನ್ನಿರ್ಛಾಸಿರ (ಹನ್ನೆರಡು ಸಾವಿರ) ಎಂದು ನಾಡಿನ ಹೆಸರಿಗೆ ಸಂಖ್ಯೆ ಹೊಂದಿಸಿದ ಶಾಸನಗಳನ್ನು ಓದುವಾಗ ಅದು ಹಳ್ಳಿಗಳ ಎಣಿಕೆಯೋ ಕಂದಾಯದ್ದೋ ಎಂದು ವಿದ್ವಾಂಸರು ಚರ್ಚಿಸಿದ್ದಾರೆ. ಶಿಲಾಹಾರ ಅರಸರ ಕಾಲದಲ್ಲಿ ದಹಿಸರಿನ ಸೀಮೆಯೂ ಇಂಥದೇ ಕೊಂಕಣ 1400ರೊಳಗಿನದು. ಇಂದಿನ ಅಂಕಿಗೂ ಅದೇ ಜಿಜ್ಞಾಸೆ ಸಲ್ಲುತ್ತದೆ. ತಂತಿ ಬರುವುದು ಮನೆಗೆ, ಎಣಿಸುವುದು ತಲೆಗಳನ್ನು. ಐದು ಮಂದಿಯ ಮನೆಗಳಿರುವ ನಾಡಿನಲ್ಲಿ ಮನೆಮನೆಗೂ ಸಂಪರ್ಕ ಬಂದರೂ ನೂರು ಜನಕ್ಕೆ ಇಪ್ಪತ್ತೇ ಆದೀತು, ಎರಡೂವರೆ ಮಂದಿಯ ಮನೆಗಳ ನಾಡಿನಲ್ಲಿ ಅದು ನಲವತ್ತು. ದಹಿಸರಿನ ಚಾಳಿನ ತುಂಬಿದ ಮನೆಯೊಂದು ಈ ಲೆಕ್ಕದಲ್ಲಿ ಹಿಂದುಳಿದಂತೆ ಕಾಣುತ್ತದೆ, ಮನೆಮಂದಿಯೆಲ್ಲ ಅದೇ ತಂತಿಯನ್ನು ಬಳಸುತ್ತಿದ್ದರೂ. ಬ್ರಾಡ್‌ಬ್ಯಾಂಡ್ ಎಂಬ ಪದವೂ ನಿಂತಲ್ಲಿ ನಿಂತದ್ದಲ್ಲ: ನಮ್ಮಲ್ಲಿ 2004ರಲ್ಲಿ ಅದು ಸೆಕೆಂಡಿಗೆ 256 ಕಿಲೋಬಿಟ್, 2013ರಲ್ಲಿ 512, 2023ರಲ್ಲಿ 2 ಮೆಗಾಬಿಟ್, ಅಮೆರಿಕದಲ್ಲಿ 2015ರಲ್ಲಿ 25 ಮೆಗಾಬಿಟ್, 2024ರಲ್ಲಿ 100. ಒಂದೇ ಹೆಸರಿನ ಎರಡು ವಸ್ತುಗಳ ವೃದ್ಧಿಯನ್ನು ಒಂದೇ ಪಟ್ಟಿಯಲ್ಲಿ ಕೂರಿಸಿದರೆ ಹೋಲಿಕೆ ಹೆಸರಿಗಷ್ಟೇ ಆಗುತ್ತದೆ.

ಮರಾಠಿಯ ವಾಢಕ್ಕೆ ಮರಳೋಣ. 'ವಾಢಣೇ' ಎಂದರೆ ಬೆಳೆಯುವುದೂ ಹೌದು, ಪಂಕ್ತಿಯಲ್ಲಿ ಬಡಿಸುವುದೂ ಹೌದು; ತೆಲುಗಿನ 'ವಡ್ಡಿಂಚು', ನಮ್ಮ ಹಳೆಯ 'ಬಡ್ಡಿಸು', ಈಗಿನ 'ಬಡಿಸು' ಇವೆಲ್ಲ ಅದೇ ಬಳಗದವೆಂದು ಕಾಣುತ್ತದೆ. ಬೆಳೆದದ್ದು ಎಲೆಎಲೆಗೂ ಬಂತೇ ಎಂಬ ಪ್ರಶ್ನೆ ಹೀಗೆ ಪದದೊಳಗೇ ಇದೆ. 2024ರ ಕೊನೆಗೆ ಭಾರತದ ಬ್ರಾಡ್‌ಬ್ಯಾಂಡ್ ಚಂದಾಗಳು ಸುಮಾರು 94 ಕೋಟಿ, ಅದರಲ್ಲಿ ತಂತಿಯವು 4 ಕೋಟಿಯ ಆಸುಪಾಸು, ಉಳಿದವು ಬಹುಪಾಲು ಮೊಬೈಲಿನವು, ಒಬ್ಬರ ಕೈಯಲ್ಲೇ ಎರಡು ಸಿಮ್ ಇದ್ದರೆ ಎರಡು ಚಂದಾ. ಈ ಹೆಚ್ಚಳ ದೊಡ್ಡದು, ಅಭಿಮಾನಕ್ಕೂ ಯೋಗ್ಯ. ಆದರೆ ದೇಶದೇಶಗಳನ್ನು ಹೋಲಿಸುವಾಗ ದರದ ಜತೆಗೆ ಮೊದಲೆಷ್ಟು, ನೂರು ಯಾವುದರದು, ಎಷ್ಟು ಮನೆಗಳಿಗೆ ಬಡಿಸಿದ್ದಾಯಿತು ಎಂಬ ಮೂರನ್ನೂ ಅದೇ ಸಾಲಿನಲ್ಲಿ ಬರೆಯಬೇಕು. ಈ ಮೂರು ಇಲ್ಲದ ವೃದ್ಧಿದರ ಯಾರು ಮುಂದಿದ್ದಾರೆಂದು ಹೇಳುವುದಿಲ್ಲ, ಯಾರು ತಡವಾಗಿ ಹೊರಟರೆಂದಷ್ಟೇ ಹೇಳುತ್ತದೆ.