ಚಲಾನಿನ ಭಯಕ್ಕೂ ಒಂದು ಚರಿತ್ರೆ

ಕಳೆದ ಚಳಿಗಾಲದ ಒಂದು ರಾತ್ರಿ ಹತ್ತು ಗಂಟೆಗೆ ಧಾರವಾಡದಿಂದ ನಮ್ಮ ತಂದೆಯವರ ಫೋನು ಬಂತು. ಒಂಬತ್ತಕ್ಕೇ ದೀಪ ಆರಿಸಿ ಮಲಗುವವರು ಅವರು. ಆ ಹೊತ್ತಿನಲ್ಲಿ ಅವರ ದನಿ ಕೇಳಿದರೆ ಎದೆ ಧಸಕ್ಕೆನ್ನದೆ ಇದ್ದೀತೆ? "ಕೋರ್ಟಿನ ಕಾಗದ ಬಂದದ. ಅಲ್ಲೆ ಏನ್ ಮಾಡಿಕೊಂಡಿ?" ಎಂದರು. ಹಿಂದಿನಿಂದ ತಾಯಿಯವರು ಅಳುವ ಸದ್ದು ಬೇರೆ. ಕಾಗದವನ್ನು ಸಾವಕಾಶವಾಗಿ ಓದಿಸಿಕೊಂಡ ಮೇಲೆ ವಿಷಯ ತಿಳಿಯಿತು. 60 ಕಿಲೋಮೀಟರ್ ಮಿತಿಯಿದ್ದ ರಸ್ತೆಯಲ್ಲಿ ನಾವು 68ರ ವೇಗದಲ್ಲಿ ಹೋದದ್ದನ್ನು ಕಂಬದ ಮೇಲಿನ ಕ್ಯಾಮೆರಾ ಹಿಡಿದಿತ್ತು. ಅದು ಕೋರ್ಟಿನ ಕಾಗದವೂ ಅಲ್ಲ, ಸಂಚಾರ ಪೊಲೀಸರ ನೋಟೀಸು. ವರ್ಗವಾಗಿ ಇಲ್ಲಿಗೆ ಬಂದು ಎಂಟು ತಿಂಗಳಾಗಿತ್ತಷ್ಟೆ. ಕಾರಿನ ನೋಂದಣಿ ಊರಿನ ವಿಳಾಸದಲ್ಲೇ ಉಳಿದಿತ್ತು. ತಪ್ಪು ನಮ್ಮದು, ನಿದ್ದೆ ಕೆಟ್ಟದ್ದು ತಂದೆಯವರದು.

ನಮ್ಮ ಸಂಘದ ಸದಸ್ಯರಲ್ಲಿ ಇಂಥ ಅನುಭವ ಹಲವರಿಗೆ ಆಗಿರಬಹುದು. ಊರು ಬಿಟ್ಟು ಬಂದವರ ಗಾಡಿಯ ಫಲಕದಲ್ಲಿ ಊರು ಅಂಟಿಕೊಂಡೇ ಇರುತ್ತದೆ. ಗಾಡಿಯನ್ನು 12 ತಿಂಗಳಿಗಿಂತ ಹೆಚ್ಚು ಕಾಲ ಬೇರೆ ರಾಜ್ಯದಲ್ಲಿ ಇಟ್ಟರೆ ಅಲ್ಲಿನ ನೋಂದಣಿ ಮಾಡಿಸಬೇಕೆಂದು 1988ರ ಮೋಟಾರು ವಾಹನ ಕಾಯಿದೆಯ 47ನೆಯ ಕಲಮು ಹೇಳುತ್ತದೆ. ನಮ್ಮಂತೆ ವರ್ಗವಾಗುವ ನೌಕರರಿಗೆಂದು 2021ರಲ್ಲಿ 'ಬಿ.ಎಚ್.' ಸರಣಿಯ ಫಲಕವೂ ಬಂತು. ಆದರೂ ನೋಟೀಸು ಹೋಗಿ ತಲುಪುವುದು ಹುಬ್ಬಳ್ಳಿಗೆ, ಮೈಸೂರಿಗೆ, ಕುಂದಾಪುರಕ್ಕೆ. ಲಕೋಟೆ ಒಡೆಯುವವರು ವಯಸ್ಸಾದ ತಂದೆತಾಯಿಗಳು.

ಎರಡು ಸಾವಿರ ರೂಪಾಯಿಯ ಒಂದು ಕಾಗದಕ್ಕೆ ಇಷ್ಟು ಭಯವೇಕೆ ಎಂದು ನಾವು ಮೊದಲು ಸ್ವಲ್ಪ ಸಿಡುಕಿದ್ದುಂಟು. ಮರುದಿನ ತಂದೆಯವರೇ ಕಾರಣ ಹೇಳಿದರು. 1966ರ ಸುಮಾರಿಗೆ ಅವರು ಕಾಲೇಜಿನಲ್ಲಿದ್ದಾಗ ಸೈಕಲ್ಲಿನ ಹಿಂದೆ ಗೆಳೆಯನನ್ನು ಕೂರಿಸಿಕೊಂಡು, ದೀಪವಿಲ್ಲದೆ, ರಾತ್ರಿ ಮನೆಗೆ ಬರುತ್ತಿದ್ದರಂತೆ. ಪೇದೆ ಹಿಡಿದು ಗಾಲಿಯ ಗಾಳಿ ತೆಗೆದು, ಹೆಸರು ಬರೆದುಕೊಂಡ. ಗೊತ್ತಾದ ದಿನ ಬೆಳಿಗ್ಗೆಯಿಂದ ಸಂಜೆ ನಾಲ್ಕರವರೆಗೆ ಮ್ಯಾಜಿಸ್ಟ್ರೇಟರ ಕೋರ್ಟಿನ ಜಗಲಿಯ ಮೇಲೆ, ಕಳ್ಳತನದ ಆಪಾದಿತರ ಪಕ್ಕದಲ್ಲಿ ನಿಂತರು. ದಂಡ ಎರಡು ರೂಪಾಯಿ. ನಮ್ಮ ಅಜ್ಜ ಎಂಟು ದಿನ ಮಾತು ಬಿಟ್ಟರು. ಮುಂದೆ ಶಾಲಾ ಮಾಸ್ತರಿಕೆಗೆ ಅರ್ಜಿ ಹಾಕುವಾಗ, 'ಯಾವುದಾದರೂ ನ್ಯಾಯಾಲಯದಲ್ಲಿ ನಿಮಗೆ ಶಿಕ್ಷೆ ಅಥವಾ ದಂಡವಾಗಿದೆಯೇ?' ಎಂಬ ಪ್ರಶ್ನೆಯ ಮುಂದೆ ಅವರ ಲೇಖನಿ ನಿಂತುಬಿಟ್ಟಿತಂತೆ. 'ಇಲ್ಲ' ಎಂದು ಬರೆದರು. ಯಾರೂ ಕೇಳಲಿಲ್ಲ. ಆದರೆ ಮೂವತ್ತು ವರ್ಷದ ನೌಕರಿಯಲ್ಲಿ ಆ 'ಇಲ್ಲ' ಅವರನ್ನು ಬಿಡಲಿಲ್ಲ. ಈ ಸಂಗತಿಯನ್ನು ನಾವು ಕೇಳಿದ್ದು ಅಂದೇ ಮೊದಲು.

ಅಂದಮೇಲೆ ಈ ಭಯ ನಿನ್ನೆ ಮೊನ್ನೆಯದಲ್ಲ. ಚಲಾನು ಎಂಬ ಶಬ್ದದಲ್ಲೇ ಅದು ಅಡಗಿದೆ. ನಮ್ಮಂಥ ಗುಮಾಸ್ತರಿಗೆ ಚಲಾನೆಂದರೆ ಖಜಾನೆಗೆ ಹಣ ಕಟ್ಟುವ ನಮೂನೆ, ಟಿ.ಆರ್.-6 ಎಂಬ ಚಲಾನನ್ನು ತುಂಬಿ ಬೆರಳು ಸವೆಸಿದವರು ನಮ್ಮ ಕಚೇರಿಗಳಲ್ಲಿ ಬೇಕಾದಷ್ಟು ಜನ. ಆದರೆ ಹಿಂದೂಸ್ತಾನಿಯಲ್ಲಿ ಆ ಮಾತಿನ ಮೂಲಾರ್ಥ 'ಕಳುಹಿಸುವುದು'. ಪೊಲೀಸರ ಬಳಕೆಯಲ್ಲಿ, ಆಪಾದಿತನನ್ನು ಕಾಗದಪತ್ರದ ಸಮೇತ ಮ್ಯಾಜಿಸ್ಟ್ರೇಟರ ಮುಂದಕ್ಕೆ ಕಳುಹಿಸುವುದೇ ಚಲಾನು. ಹಣ ಕಟ್ಟಿ ಮುಗಿಸುವ ಚೀಟಿ ಎಂಬ ಅರ್ಥ ನಂತರ ಬಂದದ್ದು. ಶಬ್ದದ ಅರ್ಥ ಬದಲಾದರೂ ಅದನ್ನು ಕೇಳಿದವರ ಮೈ ನಡುಕ ಬದಲಾಗಲಿಲ್ಲ.

ಮೋಟಾರು ಹುಟ್ಟಿದ ನಾಡುಗಳಲ್ಲೂ ಕಥೆ ಆರಂಭವಾದದ್ದು ಮ್ಯಾಜಿಸ್ಟ್ರೇಟರ ಕಟಕಟೆಯಿಂದಲೇ. ಇಂಗ್ಲೆಂಡಿನ 1865ರ ಕಾಯಿದೆ ರಸ್ತೆಯ ಯಂತ್ರವಾಹನಗಳಿಗೆ ಹಳ್ಳಿಗಾಡಿನಲ್ಲಿ ಗಂಟೆಗೆ 4 ಮೈಲಿ, ಊರೊಳಗೆ 2 ಮೈಲಿ ಮಿತಿಯಿಟ್ಟು, ಮುಂದೆ ಒಬ್ಬ ಕೆಂಪು ಬಾವುಟ ಹಿಡಿದು ನಡೆಯಬೇಕೆಂದಿತ್ತು. 1896ರ ಜನವರಿಯಲ್ಲಿ ಕೆಂಟ್ ಪ್ರಾಂತದ ಪ್ಯಾಡಕ್ ವುಡ್ ಎಂಬಲ್ಲಿ ವಾಲ್ಟರ್ ಆರ್ನಾಲ್ಡ್ ಎಂಬಾತ ಗಂಟೆಗೆ 8 ಮೈಲಿ ವೇಗದಲ್ಲಿ ಕಾರು ಓಡಿಸಿದ. ಪೇದೆ ಸೈಕಲ್ ಏರಿ ಬೆನ್ನಟ್ಟಿ ಹಿಡಿದ. ವೇಗದ ಅಪರಾಧಕ್ಕೆ ಬಿದ್ದದ್ದು 1 ಶಿಲಿಂಗ್ ದಂಡ, ಜೊತೆಗೆ ಕೋರ್ಟಿನ ಖರ್ಚು. ವೇಗಕ್ಕಾಗಿ ದಂಡ ತೆತ್ತ ಮೊದಲ ಮೋಟಾರು ಸವಾರ ಎಂದು ಅವನ ಹೆಸರು ಉಳಿದಿದೆ. ಆತ ಕಾರು ಮಾರುವ ವ್ಯಾಪಾರಿಯೂ ಆಗಿದ್ದರಿಂದ ಆ ದಂಡ ಅವನಿಗೆ ಜಾಹೀರಾತಿನ ಖರ್ಚಿನಂತೆ ಕಂಡಿರಲೂ ಸಾಕು! ಅದೇ ವರ್ಷದ ನವೆಂಬರಿನಲ್ಲಿ ಕಾಯಿದೆ ಬದಲಾಗಿ ಮಿತಿ 14 ಮೈಲಿಗೆ ಏರಿತು.

1903ರ ಕಾಯಿದೆ ಮಿತಿಯನ್ನು 20 ಮೈಲಿಗೆ ಏರಿಸಿ, ವಾಹನಕ್ಕೆ ಸಂಖ್ಯಾಫಲಕವನ್ನೂ ಚಾಲಕನಿಗೆ ಲೈಸೆನ್ಸನ್ನೂ ಕಡ್ಡಾಯಮಾಡಿತು. ಪೊಲೀಸರು ಬೇಲಿಯ ಹಿಂದೆ ಅಡಗಿ, ಗಡಿಯಾರ ಹಿಡಿದು, ಅಳೆದ ದೂರವನ್ನು ಕಾರು ಎಷ್ಟು ಸೆಕೆಂಡಿನಲ್ಲಿ ದಾಟಿತೆಂದು ಲೆಕ್ಕಹಾಕತೊಡಗಿದರು. ಸವಾರರೂ ಸುಮ್ಮನಿರಲಿಲ್ಲ. 1905ರಲ್ಲಿ 'ಆಟೋಮೊಬೈಲ್ ಅಸೋಸಿಯೇಷನ್' ಕಟ್ಟಿ, ಸೈಕಲ್ ಸವಾರರನ್ನು ನೇಮಿಸಿ, ಮುಂದೆ ಪೊಲೀಸರಿದ್ದಾರೆಂದು ಎಚ್ಚರಿಕೆ ಕೊಡಿಸಿದರು. ಇದು ಪೊಲೀಸರ ಕರ್ತವ್ಯಕ್ಕೆ ಅಡ್ಡಿಯೆಂದು 1910ರ ಒಂದು ಮೊಕದ್ದಮೆಯಲ್ಲಿ ತೀರ್ಪಾಯಿತು. ಆಮೇಲೆ ಅವರು ಹೂಡಿದ ಉಪಾಯ ರಸವತ್ತಾದದ್ದು. ಸಂಘದ ಸದಸ್ಯರ ಕಾರು ಕಂಡರೆ ಸೈಕಲ್ ಸವಾರ ಸಲಾಮು ಹೊಡೆಯಬೇಕು. ಸಲಾಮು ಹೊಡೆಯದಿದ್ದರೆ ಸದಸ್ಯರು ಕಾರು ನಿಲ್ಲಿಸಿ ಕಾರಣ ಕೇಳಬೇಕು! ಸಲಾಮು ಹೊಡೆಯದ್ದಕ್ಕೆ ಯಾವ ಕೋರ್ಟು ತಾನೇ ಶಿಕ್ಷೆ ಕೊಟ್ಟೀತು? ಇಂದು ಎದುರಿನ ಗಾಡಿಯವ ದೀಪ ಮಿನುಗಿಸಿ ಸೂಚಿಸುವುದನ್ನು ಕಂಡಾಗಲೆಲ್ಲ ನಮಗೆ ಆ ಸಲಾಮು ನೆನಪಾಗುತ್ತದೆ. ದಂಡ ತಪ್ಪಿಸಿಕೊಳ್ಳುವ ಜಾಣತನ ದಂಡದಷ್ಟೇ ಹಳೆಯದು.

ನಮ್ಮ ದೇಶಕ್ಕೆ ಬಂದರೆ, ಇಡೀ ಬ್ರಿಟಿಷ್ ಇಂಡಿಯಾಕ್ಕೆ ಮೊದಲ ಮೋಟಾರು ಕಾಯಿದೆ 1914ರದು. ಅದರ ಜಾಗದಲ್ಲಿ 1939ರ ಕಾಯಿದೆ ಬಂದು ಐವತ್ತು ವರ್ಷ ಆಳಿತು. ಈಗಿನದು 1988ರ ಕಾಯಿದೆ, ಜಾರಿಗೆ ಬಂದದ್ದು 1989ರ ಜುಲೈ 1ರಂದು. ಈ ಕಾಯಿದೆಗಳ ಹೊರಮುಖ ಎಲ್ಲರಿಗೂ ಗೊತ್ತು. ನಮಗೆ ಕುತೂಹಲ ಹುಟ್ಟಿಸಿದ್ದು ಒಳಗಿನ ಒಂದು ಸಣ್ಣ ಕಲಮು. ಸಣ್ಣ ತಪ್ಪು ಮಾಡಿದವನು ದಿನವಿಡೀ ಕೋರ್ಟಿನಲ್ಲಿ ನಿಲ್ಲಬೇಕಾಗಿಲ್ಲ, ನೋಂದಾಯಿತ ಅಂಚೆಯಲ್ಲಿ ತಪ್ಪೊಪ್ಪಿಕೊಂಡು ಹಣ ಕಳಿಸಿದರೆ ಸಾಕು ಎಂಬ ದಾರಿ 1939ರ ಕಾಯಿದೆಯಲ್ಲೇ ಇತ್ತು. 1988ರ ಕಾಯಿದೆಯ 208ನೆಯ ಕಲಮು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಹಣವನ್ನು ಮನಿಯಾರ್ಡರಿನಲ್ಲಿ ಕಳಿಸಬಹುದು, ತಪ್ಪೊಪ್ಪಿಗೆಯನ್ನು ಆ ಮನಿಯಾರ್ಡರಿನ ಕೂಪನ್ನಿನಲ್ಲೇ ಬರೆಯಬಹುದು! ತಾಯಿಗೆ 'ಕ್ಷೇಮ, ಹಣ ಕಳಿಸಿದ್ದೇನೆ' ಎಂದು ಬರೆಯುತ್ತಿದ್ದ ಅಂಗೈಯಗಲದ ಜಾಗದಲ್ಲಿ 'ತಪ್ಪಾಯಿತು' ಎಂದು ಬರೆಯುವುದು. ಹಾಗೆ ಕಳಿಸಿದವನ ಮೇಲೆ ಆ ಅಪರಾಧಕ್ಕಾಗಿ ಮುಂದಿನ ಕ್ರಮವಿಲ್ಲ, ಲೈಸೆನ್ಸೂ ರದ್ದಾಗದು ಎಂದು ಕಲಮು ಭರವಸೆಯನ್ನೂ ಕೊಟ್ಟಿತು. ಹಳೆಯ ಕಾಗದದ ಮನಿಯಾರ್ಡರು 2015ರಲ್ಲಿ ನಿಂತುಹೋಯಿತು.

ಅದಕ್ಕಿಂತ ಮುಖ್ಯವಾದದ್ದು 200ನೆಯ ಕಲಮು. ಕೆಲವು ಗೊತ್ತಾದ ಅಪರಾಧಗಳನ್ನು, ಕೋರ್ಟಿನ ಮೆಟ್ಟಿಲನ್ನೇ ಹತ್ತದೆ, ನಿಗದಿಯಾದ ಹಣ ಕಟ್ಟಿ ರಾಜಿಯಲ್ಲಿ ಮುಗಿಸುವ ಅವಕಾಶ ಅದರಲ್ಲಿದೆ. ರಾಜಿಯಾದ ಮೇಲೆ ಅದೇ ಅಪರಾಧಕ್ಕೆ ಬೇರೆ ನಡವಳಿ ಇಲ್ಲ. ಅಂದರೆ ಅದು ಕೋರ್ಟು ವಿಧಿಸಿದ ಶಿಕ್ಷೆಯಲ್ಲ. ನಮ್ಮ ತಂದೆಯವರನ್ನು ಮೂವತ್ತು ವರ್ಷ ಕಾಡಿದ ಪ್ರಶ್ನೆ ಇಂದಿನ ಹುಡುಗನಿಗೆ ಇಂಥ ಚಲಾನಿನಿಂದ ಏಳಬೇಕಾಗಿಲ್ಲ. ಕಾಯಿದೆ ದಂಡವನ್ನು ಅವಮಾನದಿಂದ ಬಿಡಿಸುತ್ತ ಬಂದಿದೆ. ಮನಸ್ಸು ಮಾತ್ರ ಇನ್ನೂ ಆ ಜಗಲಿಯ ಮೇಲೇ ನಿಂತಿದೆ ಎನ್ನಬೇಕು.

ಹಾಗೆಂದು ಎಲ್ಲ ಭಯವೂ ಬರಿಯ ಭ್ರಮೆಯಲ್ಲ. 2019ರ ಸೆಪ್ಟೆಂಬರ್ 1ರಿಂದ ದಂಡಗಳು ಒಮ್ಮೆಲೇ ಏರಿದವು. ಬೇರೆ ಶಿಕ್ಷೆ ಹೇಳದ ಸಾಮಾನ್ಯ ತಪ್ಪಿಗೆ ಇದ್ದ 100 ರೂಪಾಯಿ 500 ಆಯಿತು. ಲೈಸೆನ್ಸಿಲ್ಲದೆ ಓಡಿಸಿದರೆ ಇದ್ದ 500, 5,000 ಆಯಿತು. ಕುಡಿದು ಓಡಿಸಿದ ಮೊದಲ ತಪ್ಪಿಗೆ ಇದ್ದ 2,000, 10,000ಕ್ಕೆ ಏರಿತು. ಜನರ ಗದ್ದಲ ಎಷ್ಟಾಯಿತೆಂದರೆ ಗುಜರಾತ್, ಕರ್ನಾಟಕ ಮುಂತಾದ ರಾಜ್ಯಗಳು ಅದೇ ತಿಂಗಳಲ್ಲಿ ಕೆಲವು ದಂಡಗಳನ್ನು ಇಳಿಸಿದವು. ಕುಡಿದು ಓಡಿಸಿದ್ದಕ್ಕೆ ರಾಜಿಯಿಲ್ಲ; ಅಲ್ಲಿ ಕೋರ್ಟೇ ಗತಿ, ಜೈಲೂ ಆಗಬಹುದು. ಅದರಲ್ಲಿ ನಮಗೆ ಯಾವ ತಕರಾರೂ ಇಲ್ಲ.

ಆದರೆ ಗಾಡಿಯೇ ಅನ್ನವಾಗಿರುವವನ ಪಾಡು ಬೇರೆ. ಸಂಬಳ ಎಣಿಸುವ ನಮಗೆ ಎರಡು ಸಾವಿರವೆಂದರೆ ಆ ತಿಂಗಳ ಒಂದು ಖರ್ಚು ಕಡಿಮೆ ಮಾಡಿದರಾಯಿತು. ಆಟೋ ಓಡಿಸುವವನಿಗೆ ಅದು ಹಲವು ದಿನದ ದುಡಿಮೆ. ಲೈಸೆನ್ಸು ಅಮಾನತ್ತಾದರೆ ಒಲೆಯೇ ಹೊತ್ತುವುದಿಲ್ಲ. ಫಿನ್ಲೆಂಡ್ ದೇಶದಲ್ಲಿ 1921ರಿಂದ 'ದಿನದಂಡ' ಎಂಬ ಪದ್ಧತಿಯಿದೆ. ದಂಡವನ್ನು ತಪ್ಪಿತಸ್ಥನ ದಿನದ ಆದಾಯದ ಲೆಕ್ಕದಲ್ಲಿ ಕಟ್ಟುತ್ತಾರೆ. ಅಲ್ಲಿ ವೇಗದ ತಪ್ಪಿಗೆ ದೊಡ್ಡ ಶ್ರೀಮಂತರು ಲಕ್ಷ ಯೂರೋ ಮೀರಿ ತೆತ್ತದ್ದೂ ಉಂಟು. ನಮ್ಮಲ್ಲಿ ದಂಡಕ್ಕೆ ಜೇಬಿನ ಗಾತ್ರ ಕಾಣುವುದಿಲ್ಲ. ಇದು ಸರಿಯೇ ಎಂದು ನಮ್ಮ ಶಾಸನಸಭೆಗಳು ಒಮ್ಮೆ ಕೂತು ಯೋಚಿಸಬೇಕೆಂಬುದು ನಮ್ಮ ಅಭಿಪ್ರಾಯ.

ಚಾಲಕರ ಭಯ ಒಂದು ದೇಶವ್ಯಾಪಿ ಸಂಗತಿಯಾದದ್ದನ್ನು 2024ರ ಹೊಸವರ್ಷದ ದಿನಗಳಲ್ಲಿ ನಾವೆಲ್ಲ ಕಂಡೆವು. ಅಜಾಗರೂಕತೆಯಿಂದ ಗಾಡಿ ಓಡಿಸಿ ಸಾವಿಗೆ ಕಾರಣನಾಗಿ, ತಿಳಿಸದೆ ಓಡಿಹೋದರೆ ಹತ್ತು ವರ್ಷದವರೆಗೆ ಸೆರೆ ಎಂದು ಹೊಸ ನ್ಯಾಯ ಸಂಹಿತೆಯ 106ನೆಯ ಕಲಮಿನ ಎರಡನೆಯ ಉಪಕಲಮು ಹೇಳಿತ್ತು. ಲಾರಿ ಚಾಲಕರು ಮುಷ್ಕರ ಹೂಡಿದರು. ಪೆಟ್ರೋಲ್ ಬಂಕುಗಳ ಮುಂದೆ ಮೈಲುದ್ದದ ಸಾಲು. ಅವರ ವಾದ ಒಂದೇ: ಓಡಿದರೆ ಜೈಲು, ನಿಂತರೆ ಜನರ ಕೈಯಲ್ಲಿ ಸಾವು. ಸರಕಾರ ಮಾತುಕತೆಗೆ ಒಪ್ಪಿತು. ಆ ವರ್ಷದ ಜುಲೈ 1ರಂದು ಸಂಹಿತೆ ಜಾರಿಗೆ ಬಂದಾಗ ಆ ಉಪಕಲಮನ್ನು ಹೊರಗಿಡಲಾಯಿತು. ಪ್ರಾಣಹಾನಿಯಾದ ಮೊಕದ್ದಮೆಗಳಿಗೂ ಕ್ಯಾಮೆರಾದ ಚಲಾನಿಗೂ ಹೋಲಿಕೆಯೇ ಇಲ್ಲ. ಅಲ್ಲಿ ಮೊದಲ ದಿನವೇ ವಕೀಲರನ್ನು ಕಾಣಬೇಕು. ಎರಡನ್ನೂ ಒಂದೇ ಹೆಸರಿನ ಭಯದಲ್ಲಿ ಕಟ್ಟಿಹಾಕಿಕೊಂಡು ನಿದ್ದೆಗೆಡುವವರು ಮಾತ್ರ ನಮ್ಮಲ್ಲಿ ಬಹಳ.

ಈ ಭಯದ ಮೇಲೆಯೇ ವ್ಯಾಪಾರ ನಡೆಸುವವರೂ ಹುಟ್ಟಿಕೊಂಡಿದ್ದಾರೆ. ನಮಗೆ ಪರಿಚಯದ ಹಿರಿಯರೊಬ್ಬರ ವಾಟ್ಸಾಪಿಗೆ 'ನಿಮ್ಮ ಗಾಡಿಯ ಮೇಲೆ ಚಲಾನು ಇದೆ, ಕೂಡಲೇ ಕಟ್ಟಿ' ಎಂದು ಒಂದು ಸಂದೇಶ ಬಂತು. ಜೊತೆಗೆ ಒಂದು ಎ.ಪಿ.ಕೆ. ಫೈಲು. ಗಾಬರಿಯಲ್ಲಿ ಅದನ್ನು ಒತ್ತಿದರು. ಬೆಳಗಾಗುವುದರೊಳಗೆ ಖಾತೆಯಿಂದ ನಲವತ್ತು ಸಾವಿರ ಮಾಯ. ಸೋಜಿಗವೆಂದರೆ ಅವರು ಗಾಡಿ ಮಾರಿ ಎರಡು ವರ್ಷವಾಗಿತ್ತು! "ಕೋರ್ಟು ಎಂದು ಓದಿದ ಮೇಲೆ ಬೇರೇನೂ ಕಾಣಲಿಲ್ಲ ಕಣಪ್ಪ" ಎಂದರು. ಗಾಡಿಯ ಸಂಖ್ಯೆ ಹಾಕಿ ಸರಕಾರದ ಪರಿವಾಹನ್ ಜಾಲತಾಣದಲ್ಲಿ ತಾವೇ ನೋಡಿಕೊಂಡರೆ ನಿಜದ ಚಲಾನು ಯಾವುದು, ಸುಳ್ಳು ಯಾವುದು ಎಂದು ತಿಳಿಯುತ್ತದೆ. ತಪ್ಪಾಗಿ ಬಂದಿದ್ದರೆ ತಕರಾರು ಸಲ್ಲಿಸುವ ದಾರಿಯೂ ಇದೆ. ಕ್ಯಾಮೆರಾಗಳ ವಿಷಯದಲ್ಲಿ 2021ರ ಆಗಸ್ಟಿನಲ್ಲಿ ಬಂದ ಕೇಂದ್ರದ ನಿಯಮಗಳು, ತಪ್ಪಾದ 15 ದಿನದೊಳಗೆ ನೋಟೀಸು ಕಳಿಸಬೇಕೆಂದು ಹೇಳಿವೆ. ಹಳೆಯ ಬಾಕಿಗಳಿಗೆ ಲೋಕ ಅದಾಲತ್ತುಗಳುಂಟು. 2023ರ ಫೆಬ್ರವರಿಯಲ್ಲಿ ಕರ್ನಾಟಕ ಸರಕಾರ ಅರ್ಧ ದಂಡ ಕಟ್ಟಿದರೆ ಸಾಕೆಂದಾಗ ಕೆಲವೇ ದಿನಗಳಲ್ಲಿ 100 ಕೋಟಿ ರೂಪಾಯಿಗೂ ಮಿಕ್ಕಿ ಹಣ ಬಂತು. ಅಷ್ಟು ಜನ ವರ್ಷಗಟ್ಟಲೆ ಆ ಕಾಗದವನ್ನು ತಲೆದಿಂಬಿನ ಕೆಳಗಿಟ್ಟು ಮಲಗಿದ್ದರು ಎಂದೇ ಅರ್ಥ. ರಿಯಾಯಿತಿಗೆಂದು ಕಾದು ಕೂತವರೂ ಇದ್ದರೆನ್ನಿ.

ನಮ್ಮ ವಿಷಯಕ್ಕೆ ಬರೋಣ. 68ಕ್ಕೂ 60ಕ್ಕೂ ಏನು ಮಹಾ ವ್ಯತ್ಯಾಸ ಎಂದು ಮೊದಲು ನಾವೂ ಗೊಣಗಿದೆವು. ಬಿ.ಎಸ್ಸಿ.ಯಲ್ಲಿ ಓದಿದ ಭೌತಶಾಸ್ತ್ರ ಬಾಯಿ ಮುಚ್ಚಿಸಿತು. ಗಾಡಿಯ ಚಲನಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ವೇಗ ಶೇಕಡಾ 13 ಹೆಚ್ಚಿದರೆ ಬ್ರೇಕು ಒತ್ತಿದ ಮೇಲೆ ಗಾಡಿ ಓಡುವ ದೂರ ಶೇಕಡಾ 28 ಹೆಚ್ಚುತ್ತದೆ. ಆ ರಸ್ತೆಯ ಪಕ್ಕದಲ್ಲಿ ಒಂದು ಶಾಲೆಯಿದೆ.

ಜಾಲತಾಣದಲ್ಲಿ ನಮ್ಮ ಗಾಡಿಯ ಚಿತ್ರ, ಹೊತ್ತು, ಜಾಗ ಎಲ್ಲ ನೋಡಿ ಖಚಿತಪಡಿಸಿಕೊಂಡು ಹಣ ಕಟ್ಟಿದೆವು. ಹಿಡಿದ ಕಾಲ ಏಳೆಂಟು ನಿಮಿಷ. ತಂದೆಯವರಿಗೆ ಫೋನು ಮಾಡಿ ಮುಗಿಯಿತೆಂದು ಹೇಳಿದರೆ ಅವರು ನಂಬಲಿಲ್ಲ. "ಸಾಹೇಬರ ಮುಂದ ನಿಲ್ಲಲಿಲ್ಲೇನು?" ಎಂದು ಕೇಳಿದರು. ಇಲ್ಲವೆಂದೆವು. "ಯಾರೂ ಹೆಸರು ಕೂಗಲಿಲ್ಲೇನು?" ಅದೂ ಇಲ್ಲವೆಂದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾರ ರಸೀದಿ ಕಳಸು" ಎಂದರು. ಮೊಬೈಲಿನಲ್ಲಿ ಕಳಿಸಿದ್ದು ಸಾಲದೆ ಮುದ್ರಿಸಿ ಅಂಚೆಯಲ್ಲಿ ಕಳಿಸಿಕೊಟ್ಟೆವು. ಯುಗಾದಿಗೆ ಊರಿಗೆ ಹೋದಾಗ ನೋಡಿದರೆ, ಪಡಸಾಲೆಯ ಮೂಲೆಯ ತಂತಿಗೆ ಕರೆಂಟಿನ ಬಿಲ್ಲು, ಮನೆಪಟ್ಟಿಯ ರಸೀದಿಗಳ ನಡುವೆ ಅದನ್ನೂ ಚುಚ್ಚಿಟ್ಟಿದ್ದಾರೆ.