ಮಿಲಿಟರಿ ಡಿಸ್ಪೋಸಲ್ ವಾಹನಗಳ ಹೆಡ್‌ಲೈಟ್ ದೋಷಪತ್ತೆ: ಒಂದು ಸಮೀಕ್ಷೆ

ಸೈನ್ಯವು ಸೇವೆಯಿಂದ ಬಿಡುಗಡೆ ಮಾಡಿ ಹರಾಜಿನಲ್ಲಿ ನಾಗರಿಕರಿಗೆ ಮಾರುವ, ಆಡುಮಾತಿನಲ್ಲಿ ‘ಮಿಲಿಟರಿ ಡಿಸ್ಪೋಸಲ್’ ಎನಿಸಿಕೊಂಡ ಜೀಪು, ಲಾರಿಗಳಲ್ಲಿ ಹೆಡ್‌ಲೈಟಿನ ವಿದ್ಯುತ್ ದೋಷವನ್ನು ಹುಡುಕುವ ವಿದ್ಯೆಯು ಸಾಮಾನ್ಯ ಕಾರುಗಳ ದುರಸ್ತಿಗಿಂತ ಬೇರೆಯದೇ ದಾರಿಯಲ್ಲಿ ಬೆಳೆದಿದೆ. ಈ ವಾಹನಗಳ ದೀಪವ್ಯವಸ್ಥೆಯು ರಸ್ತೆಯನ್ನು ಬೆಳಗಬೇಕಾಗಿದ್ದಂತೆಯೇ ಬೇಕಾದಾಗ ಬೆಳಕನ್ನು ಶತ್ರುವಿನಿಂದ ಮರೆಮಾಚಲೂ ಬೇಕಾಗಿತ್ತು. ಅದರ ಸ್ವಿಚ್ಚು, ತಂತಿ ಮತ್ತು ಕನೆಕ್ಟರುಗಳ ವಿಶೇಷ ರಚನೆಯೆಲ್ಲ ಈ ಇಬ್ಬಗೆಯ ಅಗತ್ಯದಿಂದಲೇ ಹುಟ್ಟಿದುದು.

1939ರ ಸೆಪ್ಟೆಂಬರಿನಲ್ಲಿ ಎರಡನೆಯ ಮಹಾಯುದ್ಧ ಆರಂಭವಾದಾಗ ಬ್ರಿಟನ್ನು ಇದ್ದ ಹೆಡ್‌ಲೈಟಿಗೇ ಮುಸುಕು ತೊಡಿಸಿ ಕೆಲಸ ಸಾಗಿಸಿತು. ಅಮೆರಿಕದ ಸೈನ್ಯವಾದರೋ ಮರೆಬೆಳಕಿಗಾಗಿಯೇ, ಅಂದರೆ ಶತ್ರುವಿನ ಕಣ್ಣಿಗೆ ಬೀಳದ ಮಂದ ಬೆಳಕಿಗಾಗಿಯೇ, ಪ್ರತ್ಯೇಕ ದೀಪಗಳನ್ನೂ ಪ್ರತ್ಯೇಕ ವಿದ್ಯುತ್ ಮಾರ್ಗವನ್ನೂ ರೂಪಿಸಿತು. ಅವುಗಳಲ್ಲಿ ಹಿಂದೀಪಗಳ ಕಿಂಡಿಗಳ ವಿನ್ಯಾಸ ಮೆಚ್ಚತಕ್ಕದ್ದು: ಹಿಂದಿನ ವಾಹನದ ಚಾಲಕನಿಗೆ 60 ಅಡಿಗಿಂತ ಹತ್ತಿರದಲ್ಲಿ ನಾಲ್ಕು ಚುಕ್ಕೆಗಳು, 60ರಿಂದ 180 ಅಡಿಯವರೆಗೆ ಎರಡು, ಅದಕ್ಕೂ ದೂರದಲ್ಲಿ ಒಂದೇ ಚುಕ್ಕೆ ಕಾಣುವುದರಿಂದ, ಅವನು ಕತ್ತಲಲ್ಲಿಯೇ ಅಂತರವನ್ನು ಕಾಯ್ದುಕೊಳ್ಳಬಲ್ಲವನಾಗಿದ್ದನು. ವಿಲ್ಲಿಸ್ ಎಂಬಿ ಜೀಪಿನಲ್ಲಿ ಸ್ವಿಚ್ಚಿನ ಗುಬುಟನ್ನು ಎಳೆದರೆ ಮೊದಲು ಸಿಗುವುದು ಮರೆಬೆಳಕಿನ ಹಂತ. ಪೂರ್ಣ ಬೆಳಕಿಗೆ ಹೋಗಲು ತಡೆಗುಂಡಿಯೊಂದನ್ನು ಒತ್ತಲೇಬೇಕು. ಕೈತಪ್ಪಿ ಬೆಳಕು ಹೊತ್ತಿಕೊಳ್ಳಬಾರದೆಂಬ ಈ ಎಚ್ಚರಿಕೆ ತಿಳಿಯದವರು ಮೊದಲ ಹಂತದಲ್ಲಿಯೇ ನಿಂತು, ಸರಿಯಾಗಿಯೇ ಇರುವ ಹೆಡ್‌ಲೈಟು ಕೆಟ್ಟಿದೆಯೆಂದು ಬಗೆಯುವುದುಂಟು.

ಆ ಕಾಲದ ಜೀಪುಗಳು 6 ವೋಲ್ಟಿನವು ಎಂಬುದು ದೋಷಪತ್ತೆಯ ದೃಷ್ಟಿಯಿಂದ ನಿರ್ಣಾಯಕವಾದ ಸಂಗತಿ. 60 ವ್ಯಾಟಿನ ದೀಪವೊಂದು 6 ವೋಲ್ಟಿನಲ್ಲಿ 10 ಆಂಪಿಯರ್ ವಿದ್ಯುತ್ತನ್ನು ಎಳೆದರೆ, 24 ವೋಲ್ಟಿನಲ್ಲಿ ಎರಡೂವರೆ ಆಂಪಿಯರ್ ಮಾತ್ರ ಎಳೆಯುತ್ತದೆ. ಅದರ ದಾರಿಯಲ್ಲಿ ಕಿಲುಬು ಹಿಡಿದ ಒಂದು ಕೂಡಿಕೆ 0.1 ಓಮ್‌ನಷ್ಟು ರೋಧವನ್ನು, ಅಂದರೆ ವಿದ್ಯುತ್ತಿನ ಹರಿವಿಗೆ ತಡೆಯನ್ನು, ಒಡ್ಡಿದರೆ 6 ವೋಲ್ಟಿನ ದೀಪಕ್ಕೆ ತಲುಪುವ ವೋಲ್ಟೇಜು ಸುಮಾರು 5.1ಕ್ಕೆ ಇಳಿಯುತ್ತದೆ. ತಂತುದೀಪದ ಬೆಳಕು ವೋಲ್ಟೇಜಿಗಿಂತ ಬಹಳ ಬೇಗ ಕುಗ್ಗುವುದರಿಂದ ಉಳಿಯುವ ಬೆಳಕು ಹೆಚ್ಚುಕಡಿಮೆ ಶೇ. 60 ಮಾತ್ರ; ಅದೇ ಕೂಡಿಕೆ 24 ವೋಲ್ಟಿನ ದೀಪದಿಂದ ಕಸಿಯುವುದು ಶೇ. 3-4ನ್ನು ದಾಟುವುದಿಲ್ಲ. ಹಳೆಯ ಜೀಪಿನ ಮಂಕು ಬೆಳಕಿಗೆ ಬಲ್ಬನ್ನೋ ಬ್ಯಾಟರಿಯನ್ನೋ ದೂರುವವರು ಗಮನಿಸಬೇಕಾದ ಲೆಕ್ಕವಿದು.

ಯುದ್ಧಾನಂತರ ರೂಪುಗೊಂಡ ಎಂ-38 ಜೀಪು, ಎಂ-35 ಲಾರಿ ಮೊದಲಾದವುಗಳಲ್ಲಿ ಅಮೆರಿಕದ ಸೈನ್ಯವು 24 ವೋಲ್ಟಿನ, ನೀರು ನುಗ್ಗದ ವ್ಯವಸ್ಥೆಯನ್ನು ಅಳವಡಿಸಿತು. ಮೂರು ಸನ್ನೆಗಳ ದೀಪಸ್ವಿಚ್ಚು, ರಬ್ಬರಿನ ಕವಚದೊಳಗೆ ಒತ್ತಿ ಸೇರಿಸುವ ಕನೆಕ್ಟರು, ಪ್ರತಿ ತಂತಿಯ ತುದಿಗೂ ಸಂಖ್ಯೆ ಕೊರೆದ ಲೋಹದ ಪಟ್ಟಿ, ಈ ಮೂರೂ ಆಗ ಬಂದವು. ಇವುಗಳಲ್ಲಿ ಸಂಖ್ಯಾಪಟ್ಟಿಯೇ ಅತ್ಯಂತ ಬೆಲೆಬಾಳುವ ಕೊಡುಗೆಯೆಂದು ಹೇಳಬೇಕಾಗುತ್ತದೆ: ಸ್ವಿಚ್ಚಿನಿಂದ ಕಾಲಡಿಯ ಡಿಪ್ಪರ್ ಸ್ವಿಚ್ಚಿಗೆ 16, ಅಲ್ಲಿಂದ ದೂರಬೆಳಕಿಗೆ 17, ತಗ್ಗುಬೆಳಕಿಗೆ 18, ಮರೆಬೆಳಕಿನ ಚಾಲನದೀಪಕ್ಕೆ 19 ಎಂಬ ಗುರುತು ಗೊತ್ತಿದ್ದರೆ ಬಣ್ಣ ಮಾಸಿದ ತಂತಿಗಳ ನಡುವೆಯೂ ದಾರಿ ತಪ್ಪುವುದಿಲ್ಲ. ಕನೆಕ್ಟರಿನ ವಿಷಯ ಹಾಗಲ್ಲ. ರಬ್ಬರು ಹಳತಾಗಿ ಬಿರಿದ ಮೇಲೆ ಒಳಹೊಕ್ಕ ತೇವವನ್ನು ಅದೇ ಕವಚ ಹೊರಬಿಡದೆ ಹಿಡಿದಿಡುವುದರಿಂದ, ಹೊರಗೆ ಚೊಕ್ಕಟವಾಗಿ ಕಾಣುವ ಕೂಡಿಕೆಯ ಒಳಗಿನ ಹಿತ್ತಾಳೆ ಹಸಿರುಗಟ್ಟಿರುತ್ತದೆ.

ದೋಷಪತ್ತೆಯ ಕ್ರಮವನ್ನು ಬರಹಕ್ಕೆ ಇಳಿಸಿದ್ದು ಸೈನ್ಯದ ಕೈಪಿಡಿಗಳು. ಜೀಪಿಗೆ ಸಂಬಂಧಿಸಿದ ಟಿಎಂ 9-803 ಕೈಪಿಡಿ 1944ರಲ್ಲಿ ಹೊರಬಂದರೆ, 1951ರಿಂದ ‘ಪಿಎಸ್’ ಮಾಸಪತ್ರಿಕೆಯು ವಿಲ್ ಐಸ್ನರ್ ಅವರ ಚಿತ್ರಗಳ ನೆರವಿನಿಂದ ಅದೇ ತಿಳಿವಳಿಕೆಯನ್ನು ಸಾಮಾನ್ಯ ಸೈನಿಕನಿಗೂ ಮುಟ್ಟಿಸಿತು. ಕ್ರಮದ ತಿರುಳು ಲಕ್ಷಣದಿಂದ ಸ್ಥಾನವನ್ನು ಊಹಿಸುವುದು. ಎರಡೂ ದೀಪಗಳಲ್ಲಿ ಎರಡೂ ಬೆಳಕು ಇಲ್ಲವಾದರೆ ದೋಷವು ಡಿಪ್ಪರಿನಲ್ಲಿ ಅಥವಾ ಅದಕ್ಕೂ ಹಿಂದೆ ಇರುತ್ತದೆ. ಎರಡು ದೀಪಗಳಲ್ಲಿಯೂ ಒಂದೇ ಬಗೆಯ ಬೆಳಕು ಹೋಗಿದ್ದರೆ ಕೆಸರುನೀರಿಗೆ ಸದಾ ಒಡ್ಡಿಕೊಂಡಿರುವ ಡಿಪ್ಪರನ್ನೇ ಮೊದಲು ನೋಡಬೇಕು. ಬೆಳಕು ಲಯಬದ್ಧವಾಗಿ ಆರಿ ಹೊತ್ತುತ್ತಿದ್ದರೆ ಎಲ್ಲೋ ಶಾರ್ಟ್ ಆಗಿ, ಬಿಸಿಯಾದಾಗ ತಾನೇ ಕಡಿದುಕೊಂಡು ತಣಿದಾಗ ಕೂಡಿಕೊಳ್ಳುವ ಸರ್ಕಿಟ್ ಬ್ರೇಕರು ಕೆಲಸ ಮಾಡುತ್ತಿದೆಯೆಂದು ತಿಳಿಯಬೇಕು.

ಹೆಚ್ಚು ದಾರಿ ತಪ್ಪಿಸುವುದು ಅರ್ಥಿಂಗ್ ದೋಷ, ಅಂದರೆ ದೀಪದಿಂದ ಬ್ಯಾಟರಿಗೆ ಮರಳುವ ದಾರಿ ಕಡಿದಿರುವುದು. ಬಲದೀಪದ ಅರ್ಥ್ ಕಡಿದಿದೆಯೆಂದು ಭಾವಿಸಿದರೆ, ಅದರ ತಗ್ಗುಬೆಳಕಿನ ತಂತುವಿಗೆ ಬಂದ ವಿದ್ಯುತ್ತು ಹೊರದಾರಿ ಕಾಣದೆ ಅದೇ ದೀಪದ ದೂರಬೆಳಕಿನ ತಂತುವಿನ ಮೂಲಕ ಹಿಮ್ಮುಖವಾಗಿ 17ನೆಯ ತಂತಿಗೆ ಹರಿದು, ಎಡದೀಪದ ದೂರಬೆಳಕಿನ ತಂತುವನ್ನು ದಾಟಿ ನೆಲೆ ಸೇರುತ್ತದೆ. ಪರಿಣಾಮವಾಗಿ ಬಲದೀಪದ ಎರಡೂ ತಂತುಗಳು ಕೆಂಪಾಗಿ ಮಿಣುಕುತ್ತವೆ, ಡ್ಯಾಶ್‌ಬೋರ್ಡಿನ ದೂರಬೆಳಕಿನ ಸೂಚಕವೂ ಮಂಕಾಗಿ ಹೊತ್ತಬಹುದು. ನೋಡಿದವರು ಸ್ವಿಚ್ಚನ್ನು ಬಿಚ್ಚುತ್ತಾರೆ. ಬಿಚ್ಚಬೇಕಾದದ್ದು ಬಣ್ಣ, ತುಕ್ಕು ಕೂತ ಅರ್ಥಿಂಗ್ ಬೋಲ್ಟನ್ನು.

ಇಂಥ ಕಡೆ ‘ಕರೆಂಟು ಬರುತ್ತಿದೆಯೇ’ ಎಂಬ ಹಳೆಯ ಪ್ರಶ್ನೆ ಸಾಲದು. ದೀಪವನ್ನು ಕಳಚಿ ವೋಲ್ಟ್ ಮೀಟರ್ ಹಿಡಿದರೆ ಹರಿವೇ ಇಲ್ಲದ ಕಾರಣ ಕಿಲುಬಿನ ಕೂಡಿಕೆಯೂ ಪೂರ್ತಿ 24 ವೋಲ್ಟನ್ನು ತೋರಿಸುತ್ತದೆ. ದೀಪ ಉರಿಯುತ್ತಿರುವಾಗಲೇ ಪ್ರತಿ ಕೂಡಿಕೆಯ ಎರಡು ಬದಿಗೂ, ಹಾಗೆಯೇ ದೀಪದ ಅರ್ಥಿಗೂ ಬ್ಯಾಟರಿಯ ಅರ್ಥ್ ತುದಿಗೂ ಮೀಟರ್ ಹಿಡಿದು ನಷ್ಟವನ್ನು ಅಳೆಯುವ ಪದ್ಧತಿಯೇ ಈ ವಿದ್ಯೆಯ ನಿಜವಾದ ಮುನ್ನಡೆ.

ಹರಾಜಿನ ನಂತರದ ಮಾರ್ಪಾಡುಗಳು ಸಮಸ್ಯೆಯನ್ನು ಜಟಿಲಗೊಳಿಸಿವೆ. 12 ವೋಲ್ಟಿಗೆ ಬದಲಿಸುವಾಗ ಸಂಖ್ಯಾಪಟ್ಟಿಗಳನ್ನು ಕತ್ತರಿಸಿ ಎಸೆದ ವಾಹನದಲ್ಲಿ ಕೈಪಿಡಿಯ ನಕಾಶೆ ನಿಷ್ಪ್ರಯೋಜಕವಾಗುವುದು ವಿಷಾದದ ಸಂಗತಿ. ಅಮೆರಿಕದ ಸೈನ್ಯದ 1980ರ ದಶಕದ ಸಿಯುಸಿವಿ ವಾಹನಶ್ರೇಣಿಯಲ್ಲಿ ಸ್ಟಾರ್ಟರು 24 ವೋಲ್ಟಿನದು, ಹೆಡ್‌ಲೈಟು 12 ವೋಲ್ಟಿನದು. ಮಿಲಿಟರಿ ಗಾಡಿಯೆಂದರೆ ಎಲ್ಲವೂ 24 ಎಂದು ನಂಬಿದವರು ಅದಕ್ಕೆ ತಪ್ಪು ಬಲ್ಬು ತೊಡಿಸುತ್ತಾರೆ. ಈಚೆಗೆ ಬಂದಿರುವ ಎಲ್‌ಇಡಿ ಹೆಡ್‌ಲೈಟು ಕಡಿಮೆ ವಿದ್ಯುತ್ತನ್ನು ಎಳೆದು, ಒಳಗಿನ ನಿಯಂತ್ರಕದ ಬಲದಿಂದ ವೋಲ್ಟೇಜಿನ ಇಳಿತವನ್ನು ತಾಳಿಕೊಳ್ಳುವುದರಿಂದ ಕೆಟ್ಟ ಕೂಡಿಕೆಯ ಮೇಲೂ ಪೂರ್ಣ ಬೆಳಕು ಕೊಡಬಲ್ಲದು. ಆದ್ದರಿಂದ ಎಲ್‌ಇಡಿ ತೊಡಿಸಿದ ಹಳೆಯ ವಾಹನದ ವೈರಿಂಗನ್ನು ಪರೀಕ್ಷಿಸುವಾಗ ಹಳೆಯ ತಂತುದೀಪವನ್ನೇ ತಾತ್ಕಾಲಿಕವಾಗಿ ಜೋಡಿಸಿ, ಅದರ ಹೊರೆಯ ಮೇಲೆ ಕೂಡಿಕೆಗಳನ್ನು ಅಳೆಯಬೇಕಾಗುತ್ತದೆ.