ಪಟ್ಟಿಯಲ್ಲಿ ಧರ್ಮ, ರಶೀದಿಯಲ್ಲಿ ಕರ

ನಮ್ಮ ತಂದೆ ಮಂಡ್ಯದ ಬೆಲ್ಲದ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದರು. ರೈತನ ಕೈಗೆ ಕೊಡುವ ಪಟ್ಟಿಯಲ್ಲಿ ಹಮಾಲಿ, ತೂಕ, ದಲ್ಲಾಳಿ ಅಂತ ಒಂದೊಂದೇ ಕಳೆಯುತ್ತ ಬಂದು, ಕೊನೆಗೆ ‘ಧರ್ಮ’ ಅಂತ ಒಂದಿಷ್ಟು ಚಿಲ್ಲರೆ ಹಿಡಿಯುತ್ತಿದ್ದರು. ಹಾಗೆ ಕೂಡಿದ ದುಡ್ಡು ದೇವರ ಉತ್ಸವಕ್ಕೆ, ಬೇಸಿಗೆಯ ಅರವಟ್ಟಿಗೆಗೆ, ಬಾಗಿಲಿಗೆ ಬಂದು ಕೈಚಾಚಿದವರಿಗೆ ಹೋಗುತ್ತಿತ್ತು. ಹೆಸರು ಸಾಹುಕಾರರದು, ದುಡ್ಡು ಕಬ್ಬು ಬೆಳೆದವನದು. ಆದರೂ ಆ ಅರವಟ್ಟಿಗೆಯ ನೀರು ಎಷ್ಟೋ ಜನರ ದಾಹ ತೀರಿಸಿದೆ, ಅದನ್ನು ನಾನು ಅಲ್ಲಗಳೆಯಲಾರೆ. ಈ ರೂಢಿ ದೇಶದುದ್ದಕ್ಕೂ ಇತ್ತು. ಗಿರಾಕಿಯಿಂದ ಧರ್ಮದ ಬಾಬ್ತು ಹಿಡಿದ ಹಣ ವ್ಯಾಪಾರಿಯ ಆದಾಯವಲ್ಲ ಎಂದು ಬಿಜ್ಲಿ ಕಾಟನ್ ಮಿಲ್ಸ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟೇ ಹೇಳಿತು.

ಬೀದಿಗೆ ಬಿದ್ದವರ ಹೊಣೆಯನ್ನು ಸರ್ಕಾರ ಹೊತ್ತುಕೊಂಡ ದಾರಿ ಬೇರೆ. ಮೈಸೂರು ಸಂಸ್ಥಾನ 1944ರಲ್ಲೇ ಭಿಕ್ಷಾಟನೆ ನಿಷೇಧ ಕಾಯ್ದೆ ಮಾಡಿತ್ತು. 1975ರಲ್ಲಿ ಕರ್ನಾಟಕದ ಹೊಸ ಕಾಯ್ದೆ ಬಂತು. ಬೇಡುವವರನ್ನು ಹಿಡಿದು ನಿರಾಶ್ರಿತರ ಪರಿಹಾರ ಕೇಂದ್ರಕ್ಕೆ ಸೇರಿಸುವುದು, ಅದರ ಖರ್ಚಿಗೆ ಊರಿನ ಆಸ್ತಿ ತೆರಿಗೆಯ ಮೇಲೆ ಶೇ 3ರಷ್ಟು ಭಿಕ್ಷುಕರ ಕರ ಹಾಕುವುದು. ಸಾವಿರ ರೂಪಾಯಿ ಕಂದಾಯಕ್ಕೆ ಮೂವತ್ತು ರೂಪಾಯಿ. ಆರೋಗ್ಯ ಕರ ಶೇ 15, ಗ್ರಂಥಾಲಯ ಕರ ಶೇ 6. ರಶೀದಿಯಲ್ಲಿ ಅವುಗಳ ಪಕ್ಕದಲ್ಲೇ ಇದೂ ಕೂತಿರುತ್ತದೆ.

ಅಂಗಡಿಯವರ ಗೊಣಗಾಟವನ್ನು ನಾನು ಚಿಕ್ಕಂದಿನಿಂದ ಕೇಳಿದ್ದೇನೆ. ‘ಬಾಗ್ಲಿಗೆ ಬಂದೋರ್ಗೆ ಕೈಯಾರೆ ಕೊಡ್ತೀವಲ್ಲ, ಇದ್ಯಾಕೆ ಮತ್ತೆ?’ ಆದರೆ ಆ ಕರ ಕೊನೆಗೆ ಬೀಳುವುದು ಗಿರಾಕಿಯ ಮೇಲೆ. ಕಟ್ಟಡದ ಮಾಲೀಕ ಕಂದಾಯವನ್ನು ಬಾಡಿಗೆಗೆ ಸೇರಿಸುತ್ತಾನೆ, ಬಾಡಿಗೆಯವನು ಸರಕಿನ ಬೆಲೆಗೆ ಸೇರಿಸುತ್ತಾನೆ. ಹೀಗೆ ಗೊಣಗುವವರು ನಮ್ಮೂರಲ್ಲಿ ಮಾತ್ರ ಇಲ್ಲ. ಅಮೆರಿಕದ ಸಿಯಾಟಲ್ ನಗರಸಭೆ 2018ರ ಮೇ ತಿಂಗಳಲ್ಲಿ ದೊಡ್ಡ ಕಂಪನಿಗಳ ಮೇಲೆ ನೌಕರನೊಬ್ಬನಿಗೆ ವರ್ಷಕ್ಕೆ 275 ಡಾಲರ್ ತೆರಿಗೆ ಹಾಕಿತು, ಮನೆಯಿಲ್ಲದವರಿಗೆ ಸೂರು ಒದಗಿಸಲು. ಅಮೆಜಾನ್ ಸೇರಿ ವ್ಯಾಪಾರಸ್ಥರು ತಿರುಗಿಬಿದ್ದರು. ಜೂನ್‌ನಲ್ಲಿ ಅದೇ ನಗರಸಭೆ ತೆರಿಗೆಯನ್ನು ರದ್ದು ಮಾಡಿತು. ನಮ್ಮಲ್ಲಿ ಕರ ರದ್ದಾಗಲಿಲ್ಲ. ಅದು ವಸೂಲಾಗಿಯೂ ಸೇರಬೇಕಾದಲ್ಲಿಗೆ ಸೇರಲಿಲ್ಲ. ಸ್ಥಳೀಯ ಸಂಸ್ಥೆಗಳು ಜನರಿಂದ ಪಡೆದ ಕರವನ್ನು ಪರಿಹಾರ ಕೇಂದ್ರಗಳನ್ನು ನಡೆಸುವ ಕೇಂದ್ರ ಪರಿಹಾರ ಸಮಿತಿಗೆ ಕಟ್ಟದೆ ಬಾಕಿ ಉಳಿಸಿಕೊಂಡವು. 2010ರ ಆಗಸ್ಟ್‌ನಲ್ಲಿ ಬೆಂಗಳೂರಿನ ಸುಮನಹಳ್ಳಿಯ ಕೇಂದ್ರದಲ್ಲಿ ಕೆಲವೇ ದಿನಗಳಲ್ಲಿ ಹತ್ತಾರು ಜನ ಸತ್ತಾಗ ನಾಡಿಗೆ ಎಚ್ಚರವಾಯಿತು.

ಇಷ್ಟಾದರೂ ನಾನು ಕರದ ಪರ. ಮಂಡಿಯ ಧರ್ಮಕ್ಕೆ ಕಣ್ಣಿತ್ತು. ಅದು ಯಾರಿಗೆ ಕೊಡಬೇಕು ಅಂತ ಆರಿಸುತ್ತಿತ್ತು. ಗುರುತಿನ ಮುದುಕಿಗೆ ಕಾಸು ಸಿಗುತ್ತಿತ್ತು. ಮೈಯೆಲ್ಲ ಕೊಳೆಯಾಗಿ, ತನ್ನಷ್ಟಕ್ಕೆ ಬಯ್ದುಕೊಳ್ಳುತ್ತ ಬಂದವನನ್ನು ಆಳುಗಳು ಬಾಗಿಲಲ್ಲೇ ಅಟ್ಟುತ್ತಿದ್ದರು. ಆಲೆಮನೆ ಕೆಲಸಕ್ಕೆ ದೂರದ ರಾಜ್ಯದಿಂದ ಬಂದು ಕಾಯಿಲೆ ಬಿದ್ದವನಿಗೆ ಇಲ್ಲಿ ನೆಂಟರಿಲ್ಲ, ಭಾಷೆಯಿಲ್ಲ. ಇಂಥವರಿಗೆ ಗುರುತು ಕೇಳದ ದುಡ್ಡು ಬೇಕು. ಅದು ಕರದಿಂದ ಮಾತ್ರ ಹುಟ್ಟುತ್ತದೆ. ಹಿಡಿದು ಕೂಡಿಹಾಕುವುದನ್ನೇ ಪರಿಹಾರ ಎನ್ನುವ ಕಾಯ್ದೆಯ ಬುದ್ಧಿಯನ್ನು ಮಾತ್ರ ನಾನು ಒಪ್ಪಲಾರೆ.

ವ್ಯಾಪಾರಸ್ಥರು ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ. ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದ ಲೆಕ್ಕದಲ್ಲಿ ಒಂದು ಲಕ್ಷ ಜನಸಂಖ್ಯೆಗೆ ನೂರು ಜನರಿಗಾಗುವಷ್ಟು ವಸತಿರಹಿತರ ಆಶ್ರಯ ಇರಬೇಕಿತ್ತು. 2011ರ ಗಣತಿಯಲ್ಲಿ ಮಂಡ್ಯ ನಗರ 1.37 ಲಕ್ಷ. ಅದೇ ಜಿಲ್ಲೆಯ ಮದ್ದೂರು, ಮಳವಳ್ಳಿ ಅರ್ಧ ಲಕ್ಷವನ್ನೂ ಮುಟ್ಟಿರಲಿಲ್ಲ. ಲಕ್ಷಕ್ಕೆ ನೂರು ಎಂಬ ಆ ಅಳತೆಯಲ್ಲಿ ಈ ಎರಡೂ ಊರಿಗೆ ಐವತ್ತು ಜನರ ಪಾಲೂ ಬರುತ್ತಿರಲಿಲ್ಲ. ಕಂದಾಯದ ರಶೀದಿಯ ಶೇ 3ಕ್ಕೆ ಅಂಥ ಅಳತೆಯೇನೂ ಇಲ್ಲ. ಮಳವಳ್ಳಿ ಪೇಟೆಯ ಸಣ್ಣ ಅಂಗಡಿಗೂ ಅದು ಬೀಳುತ್ತದೆ. ತಾವು ಕಟ್ಟಿದ್ದೆಷ್ಟು, ಅದರಲ್ಲಿ ಸಮಿತಿಗೆ ಹೋದದ್ದೆಷ್ಟು, ತಿರುಗಿ ತಮ್ಮ ತಾಲ್ಲೂಕಿನ ಬಸ್ ನಿಲ್ದಾಣದಲ್ಲಿ ಮಲಗುವವರಿಗೆ ಬಂದದ್ದೆಷ್ಟು ಅಂತ ಪುರಸಭೆಯ ಗೋಡೆಯ ಮೇಲೆ ವರ್ಷವರ್ಷವೂ ಬರೆಸಿ ಎಂದು ವರ್ತಕರು ಪಟ್ಟುಹಿಡಿಯಲಿ. ಆ ಅರ್ಜಿಗೆ ಮೊದಲ ಸಹಿ ಹಾಕಲು ನಾನು ಸಿದ್ಧ.